ಸಾಹೇಬರ ಪರೀಕ್ಷೆ

ಮೇಷ್ಟ್ರು ಕ್ಲಚ್ಚಮ್ಮನನ್ನು ಮೊದಲು ಕಂಡದ್ದು ಡ್ರೈವಿಂಗ್ ಸ್ಕೂಲಿನ ಹಳೆಯ ಬಿಳಿ ಕಾರಿನಲ್ಲಿ. ನಿವೃತ್ತಿಯಾದ ಮೇಲೆ ಕಾರು ಕಲಿಯುವ ಹುಚ್ಚು ಹಿಡಿದ ಅವರು ಸ್ಟಿಯರಿಂಗನ್ನು ಬಾವಿಯ ಹಗ್ಗದಂತೆ ಬಿಗಿಹಿಡಿದು ಕೂತಿದ್ದರು. ಪಕ್ಕದ ಸೀಟಿನಲ್ಲಿ ಕಲಿಸುವಾಕೆ. ಗಟ್ಟಿ ಆಳು, ಗಟ್ಟಿ ದನಿ, ಕಾಲಡಿಯಲ್ಲಿ ಆಕೆಯದೇ ಬೇರೊಂದು ಬ್ರೇಕು.

“ಕ್ಲಚ್, ಸಾರ್, ಕ್ಲಚ್! ಕ್ಲಚ್ ಒತ್ತಿ ಅಂದ್ರೆ ಹಲ್ಲು ಕಚ್ತೀರಲ್ಲ! ಗಾಡಿಗೆ ನಿಮ್ಮ ಹಲ್ಲು ಕಾಣಿಸುತ್ತಾ?”

ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದವಳು ಆಕೆ. ಕಲಿತವರೆಲ್ಲ ಬೆನ್ನ ಹಿಂದೆ ಕ್ಲಚ್ಚಮ್ಮ ಎನ್ನುತ್ತಿದ್ದರು. ಅದು ಆಕೆಗೂ ಗೊತ್ತಿತ್ತು, ಗೊತ್ತಿಲ್ಲದವಳಂತೆ ಇರುತ್ತಿದ್ದಳು.

ಮುಂದೆ ತಿರುವು ಬಂತು. ತಿರುವಿಗೆ ಇನ್ನೂ ಸಾಕಷ್ಟು ದೂರವಿದ್ದಾಗಲೇ ಹಿಂದಿನ ಸೀಟಿನಿಂದ “ಟಿಕ್, ಟಿಕ್, ಟಿಕ್” ಎಂಬ ಶಬ್ದ ಕೇಳಿತು. ಮೇಷ್ಟ್ರು ಇಂಡಿಕೇಟರ್ ಹಾಕಿರಲಿಲ್ಲ. ಗಾಬರಿಯಾಗಿ ಕನ್ನಡಿಯಲ್ಲಿ ನೋಡಿದರೆ, ನಾಲ್ಕು ವರ್ಷದ ಒಬ್ಬ ಹುಡುಗ ಕಿಟಕಿಯ ಹೊರಗೆ ನೋಡುತ್ತ ನಾಲಿಗೆಯಲ್ಲಿ ಇಂಡಿಕೇಟರ್ ಆಡಿಸುತ್ತಿದ್ದ.

“ನಮ್ಮ ಸಾಹೇಬ್ರು, ಸಾರ್. ನನ್ನ ಮಗ,” ಎಂದಳು ಕ್ಲಚ್ಚಮ್ಮ. “ಚಿಕ್ಕಮ್ಮನ ಹತ್ತಿರ ಇರ್ತಾನೆ. ಇವತ್ತು ಅವಳು ಮಗಳನ್ನ ಹಲ್ಲಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿದ್ದಾಳೆ. ಮಾತು ಸ್ವಲ್ಪ ನಿಧಾನ ಅಷ್ಟೆ. ಆದ್ರೆ ಏನು ಬೇಕಾದ್ರೂ ಕೇಳಿ ನೋಡಿ. ಸಾಹೇಬ್ರೇ, ಮೂಗು ಎಲ್ಲಿ?”

ಹುಡುಗ ಮೂಗು ಮುಟ್ಟಿದ.

“ಕಣ್ಣು? ಕಿವಿ? ತಲೆ? ಟಾಟಾ ಮಾಡಿ.”

ಎಲ್ಲ ಸರಿಯಾಗಿ ಮಾಡಿದ. ಮೇಷ್ಟ್ರು ಹಳೆಯ ಅಭ್ಯಾಸದಂತೆ “ಭೇಷ್!” ಎಂದರು. ಕ್ಲಚ್ಚಮ್ಮನ ಮುಖ ಅರಳಿತು. ಮಗ ಮಾತ್ರ ಇಬ್ಬರನ್ನೂ ನೋಡಲಿಲ್ಲ.

ಆ ಮೂಗು, ಕಣ್ಣು, ಕಿವಿಯ ಪಾಠದ ಹಿಂದೆ ದೊಡ್ಡ ಕತೆಯೇ ಇತ್ತು. ಮೇಷ್ಟ್ರ ಕೈಗೆ ಗೇರು ಒಗ್ಗಿದ ಮೇಲೆ, ಬೆಳಗಿನ ಖಾಲಿ ರಸ್ತೆಗಳಲ್ಲಿ, ಆಕೆಯೇ ಅದನ್ನು ಸ್ವಲ್ಪಸ್ವಲ್ಪವಾಗಿ ಹೇಳಿಕೊಂಡಳು.

ಆಕೆಯ ಮನೆ ಒಂದೇ, ಅಡುಗೆಮನೆ ಒಂದೇ, ಸಂಸಾರ ಎರಡು. ಅಣ್ಣತಮ್ಮಂದಿರಿಬ್ಬರೂ ಒಂದೇ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದರು. ದೊಡ್ಡವನ ಹೆಂಡತಿ ಕ್ಲಚ್ಚಮ್ಮ. ಚಿಕ್ಕವನ ಹೆಂಡತಿ ಮನೆಯಲ್ಲೇ ಇದ್ದು ಎರಡೂ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಓರಗಿತ್ತಿಯರಿಬ್ಬರೂ ಒಂದೇ ಮಳೆಗಾಲದಲ್ಲಿ ಹೆತ್ತಿದ್ದರು. ಚಿಕ್ಕವಳಿಗೆ ಹೆಣ್ಣು. ಆ ಹುಡುಗಿ ಕಣ್ಣು ಬಿಟ್ಟ ಗಳಿಗೆಯಿಂದ ನಿದ್ದೆ ಹೋಗುವ ತನಕ ಮಾತಾಡುತ್ತಿದ್ದುದರಿಂದ ಮನೆಯವರು ಅವಳಿಗೆ ‘ರೇಡಿಯೋ’ ಎಂದು ಹೆಸರಿಟ್ಟಿದ್ದರು. ಕ್ಲಚ್ಚಮ್ಮನ ಮಗ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ತಪಾಸಣೆಗೆ ಬಂದ ಅಧಿಕಾರಿಯ ಹಾಗೆ ಕೋಣೆಯಿಂದ ಕೋಣೆಗೆ ಮೌನವಾಗಿ ತಿರುಗುತ್ತಿದ್ದ. ಹಾಗಾಗಿ ಅವನು ‘ಸಾಹೇಬ್ರು’.

“ದೊಡ್ಡಮ್ಮಾ, ನಿನ್ನ ಬೂಟಿಗೆ ಮಣ್ಣಾಗಿದೆ, ದೊಡ್ಡಮ್ಮಾ, ನೀನು ಇವತ್ತು ಯಾರಿಗೆ ಬೈದೆ?” ಎಂದು ರೇಡಿಯೋ ಓಡಿ ಬಂದರೆ, ಎತ್ತಿಕೊಳ್ಳುವ ಮೊದಲು ಕ್ಲಚ್ಚಮ್ಮನ ಕಣ್ಣು ಮಗನನ್ನು ಹುಡುಕುತ್ತಿತ್ತು. ಅದಾದರೂ ತಡೆಯಬಹುದಾಗಿತ್ತು. ತಡೆಯಲಾಗದ್ದು ಬೇರೆಯೇ ಇತ್ತು. ಸಂಜೆ ಮನೆಗೆ ಬಂದು ಕಾಲು ಚಾಚಿ ಕೂತರೆ, ಸಾಹೇಬರು ಆಕೆಯ ಮುಂದಿನಿಂದಲೇ ಹಾದು, ಅಡುಗೆಮನೆಗೆ ಹೋಗಿ, ಚಿಕ್ಕಮ್ಮನ ಮಣಿಕಟ್ಟು ಹಿಡಿದು ನೀರಿನ ಕೊಡದ ಹತ್ತಿರ ಎಳೆದುಕೊಂಡು ಹೋಗುತ್ತಿದ್ದರು. ಉಗುರು ಕತ್ತರಿಸಲು ಚಿಕ್ಕಮ್ಮನೇ ಬೇಕು. ಮಲಗಿಸಲು ಚಿಕ್ಕಮ್ಮನೇ ಬೇಕು. ತಾಯಿ ಎತ್ತಿಕೊಂಡರೆ ಮೈಯನ್ನು ಹಲಗೆಯ ಹಾಗೆ ಸೆಟೆಸಿಕೊಳ್ಳುತ್ತಿದ್ದರು.

“ದುಡಿಯೋಳು ನಾನು, ಮಗ ಅವಳದು,” ಎಂದು ಗಂಡನ ಹತ್ತಿರ ಗೊಣಗುತ್ತಿದ್ದಳು. ಗಂಡ ಪಾಳಿ ಮುಗಿಸಿ ಬಂದ ನಿದ್ದೆಗಣ್ಣಿನಲ್ಲಿ, “ಹೂಂ, ಹೌದು ಹೌದು,” ಎನ್ನುತ್ತಿದ್ದ. ಯಾವುದಕ್ಕೆ ಹೌದೋ ಅವನಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಬಟ್ಟೆ ಮಡಚುತ್ತ ಚಿಕ್ಕವಳು ಮೆಲ್ಲಗೆ ಬಾಯಿಬಿಟ್ಟಳು. “ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇವನು ಕರೆದ್ರೆ ತಿರುಗೋದಿಲ್ಲ. ಬೇಕಾದ್ದನ್ನ ಬೆರಳು ಮಾಡಿ ತೋರ್ಸೋದಿಲ್ಲ. ಯಾರಾದ್ರೂ ಒಳ್ಳೆ ಡಾಕ್ಟರಿಗೆ ಒಂದ್ಸಲ ತೋರಿಸೋಣ್ವಾ?”

ಕ್ಲಚ್ಚಮ್ಮನಿಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. “ನಿನ್ನ ಮಗಳು ವಟವಟ ಅಂತಾಳೆ ಅಂತ ನನ್ನ ಮಗನಲ್ಲಿ ಊನ ಹುಡುಕ್ತೀಯಾ? ಹಗಲೆಲ್ಲ ನಿನ್ನ ಸೆರಗಿಗೆ ಕಟ್ಟಿ ಹಾಕ್ಕೊಂಡು, ಈಗ ಸರಿಯಿಲ್ಲ ಅಂತ ಹೇಳೋಕೆ ಬಂದ್ಯಾ?”

ಚಿಕ್ಕವಳು ಕೈಯಲ್ಲಿದ್ದ ಸಾಹೇಬರ ಅಂಗಿಯನ್ನು ಮಡಚಿ, ಕಪಾಟಿನಲ್ಲಿಟ್ಟು ಎದ್ದು ಹೋದಳು. ಅಂದಿನಿಂದ ಓರಗಿತ್ತಿಯರ ನಡುವೆ ಮಾತು ನಿಂತಿತು. ನಿಂತಿತು ಎಂದರೆ ಪೂರ್ತಿ ನಿಲ್ಲಲಿಲ್ಲ. ರೇಡಿಯೋ ಮೂಲಕ ನಡೆಯುತ್ತಿತ್ತು. “ರೇಡಿಯೋ, ನಿಮ್ಮಮ್ಮನಿಗೆ ಹೇಳು, ಗ್ಯಾಸ್ ಮುಗಿದಿದೆ ಅಂತ.” “ರೇಡಿಯೋ, ದೊಡ್ಡಮ್ಮನಿಗೆ ಹೇಳು, ಆಗಲೇ ಫೋನ್ ಮಾಡಿದ್ದೀನಿ ಅಂತ.” ಇಬ್ಬರೂ ಒಂದೇ ಅಡುಗೆಮನೆಯಲ್ಲಿ, ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತು ಹೀಗೆ ವ್ಯವಹರಿಸುತ್ತಿದ್ದರು. ರೇಡಿಯೋಗೆ ಈ ಕೆಲಸ ಬಹಳ ಹಿಡಿಸಿತ್ತು.

ಮಾತು ನಿಂತರೂ ಮುಳ್ಳು ನಿಂತಿರಲಿಲ್ಲ. ಕ್ಲಚ್ಚಮ್ಮ ಗುಟ್ಟಾಗಿ ಮಗನನ್ನು ಡಾಕ್ಟರರ ಹತ್ತಿರ ಒಯ್ಯತೊಡಗಿದಳು. ಚಿಕ್ಕವಳ ಮಾತು ಸುಳ್ಳೆಂದು ಸಾಬೀತು ಮಾಡುವುದೇ ಆಕೆಗೆ ಬೇಕಿತ್ತು. ಬೀದಿಯ ಡಾಕ್ಟರು ಸಾಹೇಬರ ಕೆನ್ನೆ ತಟ್ಟಿ, “ಗಂಡು ಮಕ್ಕಳಿಗೆ ಮಾತು ತಡ, ಬಿಡಮ್ಮ,” ಎಂದರು. ಕಿವಿಯ ಡಾಕ್ಟರು ಯಂತ್ರ ಹಚ್ಚಿ ನೋಡಿ, “ಕಿವಿ ಚೆನ್ನಾಗಿದೆ. ಆದರೂ ಬೆಳವಣಿಗೆ ನೋಡೋರಿಗೆ ಒಮ್ಮೆ ತೋರಿಸಿ,” ಎಂದರು. ಮೊದಲ ಮಾತನ್ನು ಮನೆಗೆ ತಂದಳು. ಎರಡನೆಯದನ್ನು ದಾರಿಯಲ್ಲೇ ಬಿಟ್ಟು ಬಂದಳು. ಬಿಟ್ಟುಬಂದ ಮಾತು ಹಿಂದೆಯೇ ಬಂತು.

ಅದೇ ಹೊತ್ತಿಗೆ ಗಾಡಿ ಕಲಿಯಲು ಒಬ್ಬ ನರ್ಸ್ ಬಂದಳು. ಮಕ್ಕಳ ಆಸ್ಪತ್ರೆಯವಳು. ಅಣ್ಣನ ಮಗುವನ್ನು ಆಟಿಸಂ ಇದೆಯೇ ಎಂದು ಪರೀಕ್ಷೆ ಮಾಡಿಸಿದ ಕತೆಯನ್ನು ಅವಳು ಗೇರು ಬದಲಿಸುತ್ತ ಹೇಳಿದಳು. ಮೂಗು ಎಲ್ಲಿ, ಕಣ್ಣು ಎಲ್ಲಿ ಎಂದು ಕೇಳುತ್ತಾರೆ, ಗೊಂಬೆಗೆ ಊಟ ಮಾಡಿಸು ಎನ್ನುತ್ತಾರೆ, ಚಿತ್ರ ತೋರಿಸಿ ಹೆಸರು ಕೇಳುತ್ತಾರೆ, ಟಾಟಾ ಮಾಡಿಸುತ್ತಾರೆ ಎಂದಳು.

ಕ್ಲಚ್ಚಮ್ಮನ ಕಿವಿ ನೆಟ್ಟಗಾಯಿತು. ಪರೀಕ್ಷೆ! ಜನರನ್ನು ಪರೀಕ್ಷೆ ಪಾಸು ಮಾಡಿಸುವುದೇ ತಾನೇ ಆಕೆಯ ಕಸುಬು? ಲೈಸೆನ್ಸ್ ಕೊಡುವ ಮೈದಾನದಲ್ಲಿ ಯಾವ ಕಂಬದ ಹತ್ತಿರ ಎಡಕ್ಕೆ ಎಳೆಯಬೇಕು, ಯಾವ ಗುರುತಿನ ಹತ್ತಿರ ಹಿಂದಕ್ಕೆ ಬರಬೇಕು ಎಂಬುದನ್ನು ಬಾಯಿಪಾಠ ಮಾಡಿಸಿ, ಬೆದರುವ ಅಜ್ಜಿಯರನ್ನೂ ದಡ ಮುಟ್ಟಿಸಿದವಳು. ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನು ಮುಟ್ಟಿಸಲಾರಳೇ?

ಅಂದಿನಿಂದ ಸಂಜೆ ಬಾಗಿಲು ಹಾಕಿಕೊಂಡು ಪಾಠ ಶುರುವಾಯಿತು. ಮೂಗು, ಕಣ್ಣು, ಕಿವಿ, ತಲೆ. ಗೊಂಬೆಯ ಬಾಯಿಗೆ ಚಮಚ. ಕಾರು, ನಾಯಿ, ಮರ. ಕೊನೆಗೆ ಟಾಟಾ, ಟಾಟಾ ಆದ ಮೇಲೆ ಬಾಗಿಲು ತೆಗೆದು ಚಿಕ್ಕಮ್ಮನ ಹತ್ತಿರ ಓಡಬಹುದು. ಸಾಹೇಬರು ಆಶ್ಚರ್ಯವಾಗುವಷ್ಟು ಬೇಗ ಕಲಿತರು. ಒಮ್ಮೆ ಕಲಿತದ್ದನ್ನು ಒಂದು ಕೂದಲೆಳೆಯಷ್ಟೂ ಆಚೀಚೆ ಮಾಡುತ್ತಿರಲಿಲ್ಲ. ಬಾಗಿಲ ಹೊರಗೆ ಚಿಕ್ಕವಳ ಹೆಜ್ಜೆಯ ಸದ್ದು ಕೇಳಿದರೆ ಕ್ಲಚ್ಚಮ್ಮ ದನಿ ಏರಿಸುತ್ತಿದ್ದಳು. “ಭೇಷ್, ನನ್ನ ರಾಜ!”

ಪೇಟೆಯ ಹೊಸ ಕ್ಲಿನಿಕ್ಕಿನಲ್ಲಿ ಸಾಹೇಬರು ಪಾಸಾದರು. ಅಲ್ಲಿಯ ಹುಡುಗಿ ಅವಸರದಲ್ಲಿ ಇದೇ ಪ್ರಶ್ನೆಗಳನ್ನು ಇದೇ ಸಾಲಿನಲ್ಲಿ ಕೇಳಿ, “ಎಲ್ಲ ಸರಿಯಾಗಿದೆ,” ಎಂದಳು. ಕ್ಲಚ್ಚಮ್ಮ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೂಗಿದಳು. “ರೇಡಿಯೋ! ನಿಮ್ಮಮ್ಮನಿಗೆ ಹೇಳು, ಡಾಕ್ಟರು ಎಲ್ಲ ಸರಿಯಾಗಿದೆ ಅಂದ್ರು ಅಂತ!”

ಒಳಗಿನಿಂದ ಪಾತ್ರೆ ತೊಳೆಯುವ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು. ಸಾಹೇಬರು ಅದೇ ಹೊತ್ತಿಗೆ ಒಳಗೆ ಹೋಗಿ ಚಿಕ್ಕಮ್ಮನ ಒದ್ದೆ ಕೈ ಹಿಡಿದು ಕೊಡದ ಕಡೆ ಎಳೆದರು. ಗೆದ್ದ ಸಂತೋಷ ಅಲ್ಲಿಗೇ ಹುಳಿಯಾಯಿತು.

ಮುಂದಿನ ತಿಂಗಳು ಮಕ್ಕಳಿಬ್ಬರನ್ನೂ ಶಿಶುವಿಹಾರಕ್ಕೆ ಸೇರಿಸಿದರು. ಗಂಟೆ ಬಾರಿಸಿದಾಗ ಸಾಹೇಬರು ಕಿವಿ ಮುಚ್ಚಿ ಮೇಜಿನಡಿ ಸೇರಿದರೆ ಸಂಜೆಯ ತನಕ ಹೊರಗೆ ಬರುತ್ತಿರಲಿಲ್ಲ. “ರೇಡಿಯೋ ಇರಲಿ. ಇವನನ್ನ ನೋಡಿಕೊಳ್ಳೋದು ಹೇಗೆ ಅಂತ ನಮಗೆ ತಿಳೀತಿಲ್ಲಮ್ಮ. ತಿಳಿದೋರನ್ನ ಕೇಳಿಕೊಂಡು ಬನ್ನಿ,” ಎಂದರು ಅಲ್ಲಿಯ ಟೀಚರು. ರೇಡಿಯೋ ಚೀಲ ಬೆನ್ನಿಗೇರಿಸಿ ಹೋಗುವುದನ್ನು ಕ್ಲಚ್ಚಮ್ಮ ಕಿಟಕಿಯಿಂದ ನೋಡಿದಳು. ಆ ಪುಟ್ಟ ಚೀಲದ ಮೇಲೂ ಆಕೆಗೆ ಹೊಟ್ಟೆಕಿಚ್ಚಾಯಿತು.

ನರ್ಸಿನ ಹತ್ತಿರ ಎಲ್ಲ ಹೇಳಿಕೊಂಡಳು. ನರ್ಸ್ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದಳು. ಬಹಳ ಚೆನ್ನಾಗಿಯೇ ನಿಲ್ಲಿಸಿದಳು. “ಮೇಡಂ, ನಿಮಗೆ ಪಾಸ್ ಮಾಡೋ ಡಾಕ್ಟರು ಬೇಕಾ, ನೋಡೋ ಡಾಕ್ಟರು ಬೇಕಾ?”

“ಮಗನಿಗೆ ಶಾಲೆ ಬೇಕು,” ಎಂದಳು ಕ್ಲಚ್ಚಮ್ಮ.

ನರ್ಸ್ ಹೇಳಿದ ಡಾಕ್ಟರು ಊರಿನ ಇನ್ನೊಂದು ತುದಿಯ ದೊಡ್ಡಾಸ್ಪತ್ರೆಯಲ್ಲಿದ್ದರು. ಮಕ್ಕಳ ಬೆಳವಣಿಗೆಯನ್ನೇ ಓದಿದವರು, ಅದನ್ನೇ ನೋಡುವವರು. ಅವರನ್ನು ಕಾಣಲು ಬೇಸಿಗೆ ಕಳೆಯುವ ತನಕ ಕಾಯಬೇಕಾಯಿತು. ಕಾಯುವಷ್ಟೂ ಕಾಲ ಕ್ಲಚ್ಚಮ್ಮ ಪಾಠ ಬಿಡಲಿಲ್ಲ. ದೊಡ್ಡ ಡಾಕ್ಟರು, ದೊಡ್ಡ ಪರೀಕ್ಷೆ!

ಡಾಕ್ಟರಿಗೆ ವಯಸ್ಸಾಗಿತ್ತು. ಬೂಟು ಕಳಚಿ, ಮೊಣಕಾಲು ಲಟಲಟ ಎನ್ನಿಸುತ್ತ ಚಾಪೆಯ ಮೇಲೆ ಕೂತರು. ಕೂತವರು ಏನೂ ಕೇಳಲಿಲ್ಲ. ಸಾಹೇಬರು ಕೈ ಬೆನ್ನಿಗೆ ಕಟ್ಟಿ ಕೋಣೆಯ ತಪಾಸಣೆ ನಡೆಸಿದರು. ಡಾಕ್ಟರು ಸೋಪಿನ ಗುಳ್ಳೆ ಊದಿದರು. ಆಟದ ಕಾರೊಂದನ್ನು ಉರುಳಿಸಿದರು. ಸಾಹೇಬರು ಕಾರನ್ನು ತಲೆಕೆಳಗು ಮಾಡಿ ಚಕ್ರ ತಿರುಗಿಸುತ್ತ ಕೂತರು. ಡಾಕ್ಟರು ಹೆಸರು ಹಿಡಿದು ಕರೆದರು. ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ತಿರುಗಲಿಲ್ಲ.

ಕ್ಲಚ್ಚಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆಕೆಯ ಕಾಲು ನೆಲದಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. “ಸಾರ್, ಕೇಳಿ ಸಾರ್! ಅವನಿಗೆ ಎಲ್ಲ ಬರುತ್ತೆ. ಮೂಗು ಎಲ್ಲಿ ಅಂತ ಕೇಳಿ.”

ಡಾಕ್ಟರು ಆಕೆಯನ್ನು ನೋಡಿದರು. ಆಮೇಲೆ ಹುಡುಗನ ಕಡೆ ತಿರುಗಿ ಕೇಳಿದರು. “ತಲೆ ಎಲ್ಲಿ?”

ಸಾಹೇಬರು ಮೂಗು ಮುಟ್ಟಿದರು. ಡಾಕ್ಟರು ಮತ್ತೇನೂ ಕೇಳಲಿಲ್ಲ. ಸಾಹೇಬರು ಕಣ್ಣು ಮುಟ್ಟಿದರು, ಕಿವಿ ಮುಟ್ಟಿದರು, ತಲೆ ಮುಟ್ಟಿದರು. ಅಲ್ಲಿ ಗೊಂಬೆಯಿರಲಿಲ್ಲ, ಇಲ್ಲದ ಗೊಂಬೆಗೆ ಇಲ್ಲದ ಚಮಚ ಹಿಡಿದರು. “ಕಾರು, ನಾಯಿ, ಮರ,” ಎಂದು ಗೋಡೆಗೆ ಹೇಳಿದರು. ಟಾಟಾ ಮಾಡಿದರು. ಆಮೇಲೆ ನೆಟ್ಟಗೆ ಹೋಗಿ ಬಾಗಿಲ ಹಿಡಿ ಹಿಡಿದು, ಯಾರಾದರೂ ತೆಗೆಯಲಿ ಎಂದು ನಿಂತರು.

ಕ್ಲಚ್ಚಮ್ಮನ ಕಣ್ಣ ಮುಂದೆ ಲೈಸೆನ್ಸಿನ ಮೈದಾನ ಬಂತು. ಒಂದು ವರ್ಷ ಇನ್ಸ್‌ಪೆಕ್ಟರು ಯಾರಿಗೂ ಹೇಳದೆ ಕಂಬವನ್ನು ಬೇರೆ ಕಡೆ ನೆಡಿಸಿದ್ದರು. ಆಕೆಯ ಶಿಷ್ಯರೆಲ್ಲ ಕಂಬವಿಲ್ಲದ ಜಾಗದಲ್ಲಿ ಎಡಕ್ಕೆ ತಿರುಗಿ ಬೇಲಿಗೆ ಗುದ್ದಿದ್ದರು. ಅಂದು ಊರೆಲ್ಲ ನಕ್ಕಿತ್ತು, ಆಕೆಯೂ ನಕ್ಕಿದ್ದಳು. ಇಂದು ನಗು ಬರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ನೀವು ಚೆನ್ನಾಗಿ ಕಲಿಸಿದ್ದೀರಿ,” ಎಂದರು ಡಾಕ್ಟರು. ದನಿಯಲ್ಲಿ ಕೊಂಕು ಇರಲಿಲ್ಲ. “ಕಲಿಯೋಕೆ ಬರುತ್ತೆ ಇವನಿಗೆ. ಅದು ನನಗೆ ಗೊತ್ತಾಯ್ತು. ಏನು ಕಷ್ಟ ಅನ್ನೋದು ಗೊತ್ತಾಗಬೇಕು. ಬಾಯಾರಿದ್ರೆ ಹೇಗೆ ಕೇಳ್ತಾನೆ? ಪೆಟ್ಟಾದ್ರೆ ಏನು ಮಾಡ್ತಾನೆ? ಯಾವ ಸದ್ದಿಗೆ ಹೆದರ್ತಾನೆ?”

ಕ್ಲಚ್ಚಮ್ಮ ಬಾಗಿಲ ಹತ್ತಿರ ನಿಂತ ಮಗನ ಬೆನ್ನು ನೋಡಿದಳು.

“ಹಗಲು ಯಾರ ಹತ್ತಿರ ಇರ್ತಾನೆ?”

“ನಮ್ಮ ಮನೇಲೇ, ಸಾರ್... ನನ್ನ ಓರಗಿತ್ತಿ.”

“ಮುಂದಿನ ಗುರುವಾರ ಅವರನ್ನೂ ಕರ್ಕೊಂಡು ಬನ್ನಿ.”

“ತಾಯಿ ನಾನು, ಸಾರ್!” ಮಾತು ಆಕೆಗೇ ತಿಳಿಯದಂತೆ ಜೋರಾಗಿ ಬಂದಿತ್ತು.

“ತಾಯಿ ನೀವೇನೇ. ನನಗೆ ಬೇಕಾದ್ದು ಅವನ ಹಗಲು. ಅದು ಅವರ ಹತ್ತಿರ ಇದೆ.”

ಬುಧವಾರದ ಸಂಜೆಯ ತನಕ ಆಕೆ ಆ ಮಾತನ್ನು ಮುಂದಕ್ಕೆ ಹಾಕುತ್ತ ಬಂದಳು. ಗಂಡನಿಂದ ಕೇಳಿಸೋಣ ಎಂದರೆ ಅವನಿಗೆ ಪಾಳಿ. ಒಬ್ಬಳೇ ಹೋಗಿ ಏನಾದರೂ ಹೇಳಿಬಿಡೋಣವೆಂದೂ ಅನಿಸಿತು. ಇನ್ನೊಂದು ಸುಳ್ಳು, ಇನ್ನೊಂದು ಬೇಲಿ. ಕೊನೆಗೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಲೋಟ ತೊಳೆಯುತ್ತಿದ್ದ ಚಿಕ್ಕವಳ ಬೆನ್ನು ನೋಡುತ್ತ ಹೇಳಿದಳು. “ರೇಡಿಯೋ, ನಿಮ್ಮಮ್ಮನ್ನ ಕೇಳು, ನಾಳೆ ಬಿಡುವಿದ್ಯಾ ಅಂತ.”

ರೇಡಿಯೋ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. “ನೀನೇ ಕೇಳು, ದೊಡ್ಡಮ್ಮ. ಅಮ್ಮ ಅಲ್ಲೇ ಇದ್ದಾಳಲ್ಲ.”

ಇಬ್ಬರು ದೊಡ್ಡವರಿಗೂ ನಾಚಿಕೆಯಾಯಿತು.

“ಡಾಕ್ಟರು ನಿನ್ನನ್ನ ಕರೀತಿದ್ದಾರೆ ಕಣೇ,” ಎಂದಳು ಕ್ಲಚ್ಚಮ್ಮ. “ಸಾಹೇಬ್ರ ವಿಷಯ ನಿನಗೇ ಗೊತ್ತಂತೆ. ನನಗೆ ಗೊತ್ತಿಲ್ಲ.”

ಚಿಕ್ಕವಳು ಕೈ ಒರೆಸಿಕೊಂಡಳು. “ಎಷ್ಟು ಹೊತ್ತಿಗೆ ಹೊರಡಬೇಕು, ಅಕ್ಕ?” ಎಂದಳು. ಅಷ್ಟೇ.

ಗುರುವಾರ ಡಾಕ್ಟರು ಕೇಳುತ್ತ ಹೋದರು, ಚಿಕ್ಕವಳು ಹೇಳುತ್ತ ಹೋದಳು. ನೀರು ಬೇಕಾದರೆ ನನ್ನ ಮಣಿಕಟ್ಟು ಹಿಡಿದು ಕೊಡದ ಮೇಲೆ ಇಡ್ತಾನೆ, ಸಾರ್. ನನ್ನ ಮುಖ ನೋಡೋದಿಲ್ಲ, ನನ್ನ ಕೈ ಒಂದು ಸೌಟು ಇದ್ದ ಹಾಗೆ. ಬಿದ್ದರೆ ಅಳೋದಿಲ್ಲ, ಗೋಡೆಗೆ ಮುಖ ಮಾಡಿ ನಿಲ್ತಾನೆ. ಮಿಕ್ಸಿ ಅಂದ್ರೆ ಆಗೋದಿಲ್ಲ, ಅದಕ್ಕೇ ಅವನನ್ನ ಮೇಲೆ ಮಹಡಿಗೆ ಕಳಿಸಿ ಆಮೇಲೆ ಹಾಕ್ತೀನಿ. ಉಗುರು ದಿನಕ್ಕೆ ಒಂದೇ, ಫ್ಯಾನ್ ನೋಡ್ತಾ ಇದ್ದಾಗ ಮಾತ್ರ.

ಒಂದೊಂದು ಮಾತೂ ಕ್ಲಚ್ಚಮ್ಮನ ಎದೆಗೆ ಕೆಂಡದಂತೆ ಬೀಳುತ್ತಿತ್ತು. ಇಷ್ಟು ದಿನ ಪ್ರೀತಿ ಎಂದು ತಾನು ಹೊಟ್ಟೆ ಉರಿದುಕೊಂಡದ್ದು ಒಂದು ಸೌಟನ್ನು ನೋಡಿಯೇ? ಆದರೂ ಆ ಸೌಟು ತಾನಾಗಬಾರದಿತ್ತೇ ಎಂದು ಮನಸ್ಸು ಕೇಳಿತು.

“ಯಾರಿಗಾದ್ರೂ ಕಾಯ್ತಾನಾ?” ಎಂದು ಡಾಕ್ಟರು ಕೇಳಿದರು.

ಚಿಕ್ಕವಳು ಬೆರಳಿಗೆ ಸೆರಗು ಸುತ್ತಿಕೊಂಡಳು. “ಕಾಯ್ತಾನೆ, ಸಾರ್. ಸಂಜೆ ಅಕ್ಕನ ಗಾಡಿ ಬೀದಿಯ ತಿರುವಿಗೆ ಬರೋ ಮುಂಚೆ ಕಿಟಕಿ ಹತ್ತಿರ ಹೋಗಿ ಟಿಕ್ ಟಿಕ್ ಅಂತಾನೆ. ನಾನು ಕತೆ ಹೇಳ್ತಿದ್ರೂ ಎದ್ದು ಹೋಗ್ತಾನೆ, ಎತ್ಕೊಂಡಿದ್ರೂ ಜಾರಿ ಹೋಗ್ತಾನೆ. ಹಗಲೆಲ್ಲ ನೋಡ್ಕೊಳ್ಳೋಳು ನಾನು. ನನಗೋಸ್ಕರ ಒಂದ್ಸಲಾನೂ ಆ ಶಬ್ದ ಮಾಡಿಲ್ಲ.” ಸೆರಗನ್ನು ಇನ್ನೊಂದು ಸುತ್ತು ಸುತ್ತಿ, “ಹೊಟ್ಟೆ ಉರಿಯುತ್ತೆ, ಸಾರ್,” ಎಂದಳು.

ಕ್ಲಚ್ಚಮ್ಮನಿಗೆ ಆಗ ಮೊದಲು ಬಂದದ್ದು ಅಳುವಲ್ಲ. ಶುದ್ಧವಾದ, ಕೆಟ್ಟದಾದ, ಸಿಹಿಯಾದ ಸಂತೋಷ. ಅವಳಿಗೂ ಉರಿಯುತ್ತದೆ! ಆಮೇಲೆ ಅದು ನಗುವಾಯಿತು, ನಗು ಅಳುವಾಯಿತು. ಚಿಕ್ಕವಳು ತನ್ನ ಸೆರಗಿನ ತುದಿಯನ್ನೇ ಕೊಟ್ಟಳು.

ಡಾಕ್ಟರು ಸುತ್ತಿಬಳಸಲಿಲ್ಲ. ಆಟಿಸಂ ಇದೆ ಎಂದರು. ಯಾರ ಸೆರಗಿಗೆ ಕಟ್ಟಿ ಹಾಕಿದ್ದರಿಂದಲೂ ಬಂದದ್ದಲ್ಲ, ಯಾರು ದುಡಿಯಲು ಹೋದದ್ದರಿಂದಲೂ ಬಂದದ್ದಲ್ಲ ಎಂದರು. ಮಾತಿಗೆ, ಆಟಕ್ಕೆ, ಸದ್ದಿಗೆ ಏನೇನು ಮಾಡಬೇಕು, ಯಾವ ಕೇಂದ್ರಕ್ಕೆ ಹೋಗಬೇಕು ಎಂಬುದನ್ನು ಇಬ್ಬರಿಗೂ ಕೂರಿಸಿ ಹೇಳಿದರು.

“ಹಾಗಾದ್ರೆ ಫೇಲಾ, ಸಾರ್?” ಎಂದಳು ಕ್ಲಚ್ಚಮ್ಮ.

“ಈಗ ತಾನೇ ಗಾಡಿ ರಸ್ತೆಗೆ ಬಂತು,” ಎಂದರು ಡಾಕ್ಟರು, ಚಾಪೆಯಿಂದ ಏಳಲು ಕೈ ಚಾಚುತ್ತ. ಓರಗಿತ್ತಿಯರಿಬ್ಬರೂ ಒಂದೊಂದು ಕಡೆ ಹಿಡಿದು ಎಬ್ಬಿಸಿದರು.

ಇದಾಗಿ ಕೆಲವು ವರ್ಷಗಳಾದವು. ಮೇಷ್ಟ್ರಿಗೆ ಎರಡನೆಯ ಸಲಕ್ಕೆ ಲೈಸೆನ್ಸ್ ಬಂತು. ಸಾಹೇಬರು ಈಗ ಚಿತ್ರ ಕೊಟ್ಟು ಬೇಕಾದ್ದನ್ನು ಕೇಳುತ್ತಾರೆ, ನಡುನಡುವೆ ಒಂದೆರಡು ಮಾತನ್ನೂ ಆಡುತ್ತಾರೆ. ನೀರಿನ ಚಿತ್ರವನ್ನು ಮೊದಲು ಕೊಟ್ಟದ್ದು ಯಾರ ಕೈಗೆ ಎಂಬ ಬಗ್ಗೆ ಆ ಮನೆಯಲ್ಲಿ ಇನ್ನೂ ಎರಡು ಅಭಿಪ್ರಾಯಗಳಿವೆ. ಶಿಶುವಿಹಾರದವರು ಗಂಟೆಯ ಬದಲು ಚಪ್ಪಾಳೆ ತಟ್ಟಲು ಒಪ್ಪಿದರು. ಅಲ್ಲಿಂದ ಮುಂದೆ ಶಾಲೆಯೂ ಸಿಕ್ಕಿತು. ಕ್ಲಚ್ಚಮ್ಮನ ಹೊಟ್ಟೆಕಿಚ್ಚು ಮಾತ್ರ ಎಲ್ಲಿಗೂ ಹೋಗಿಲ್ಲ. ಈಗ ಅದಕ್ಕೆ ಕೇಂದ್ರದಲ್ಲಿ ಮಾತು ಕಲಿಸುವ ಹುಡುಗಿಯೂ ಸೇರಿದ್ದಾಳೆ. “ಅವಳ ಬಳೆ ನೋಡಿ ನಗ್ತಾನಂತೆ. ನಾನೂ ಹಾಕ್ಕೊಂಡು ನೋಡಿದೆ, ಸಾರ್. ನಗಲಿಲ್ಲ,” ಎಂದು ಮೇಷ್ಟ್ರ ಹತ್ತಿರ ದೂರಿದಳು. ಈಗೀಗ ಅದನ್ನು ಬಾಯಿಬಿಟ್ಟು ಹೇಳುತ್ತಾಳೆ. ಅಷ್ಟು ಬದಲಾವಣೆ.

ಈಚೆಗೆ ಆಕೆ ಚಿಕ್ಕವಳಿಗೆ ಗಾಡಿ ಕಲಿಸುತ್ತಿದ್ದಾಳೆ. ಕೇಂದ್ರಕ್ಕೆ ಸರದಿಯ ಮೇಲೆ ಕರೆದೊಯ್ಯಬಹುದಲ್ಲ. ಮೈದಾನದ ಕಂಬಗಳ ಹತ್ತಿರ ಅವಳನ್ನು ಒಂದು ದಿನವೂ ಕರೆದುಕೊಂಡು ಹೋಗಿಲ್ಲ. ನೇರ ರಸ್ತೆಗೇ ಇಳಿಸಿದ್ದಾಳೆ. ಮೊನ್ನೆ ಭಾನುವಾರ ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ರೇಡಿಯೋ ದಾರಿಯುದ್ದಕ್ಕೂ ವರದಿ ಒಪ್ಪಿಸುತ್ತಿದ್ದಳು. ಸಾಹೇಬರು ಹೊರಗೆ ನೋಡುತ್ತಿದ್ದರು. ಅಂಚೆ ಕಚೇರಿಯ ತಿರುವು ಬಂತು. ಚಿಕ್ಕವಳು ಇಂಡಿಕೇಟರ್ ಮರೆತಳು.

“ಟಿಕ್, ಟಿಕ್, ಟಿಕ್,” ಎಂದರು ಸಾಹೇಬರು.

ಚಿಕ್ಕವಳು ಬ್ರೇಕು ಒತ್ತಿದಳು. ಗಾಡಿ ನಡುರಸ್ತೆಯಲ್ಲಿ ಕೆಮ್ಮಿ ನಿಂತಿತು. ಸ್ಟಿಯರಿಂಗ್ ಬಿಟ್ಟು ಹಿಂದಕ್ಕೆ ತಿರುಗಿದಳು, ಕಣ್ಣಲ್ಲಿ ನೀರು. “ಅಕ್ಕಾ! ನನಗೆ! ನನಗೋಸ್ಕರ ಮಾಡಿದ!”

ಕ್ಲಚ್ಚಮ್ಮ ಮುಖ ಗಂಟು ಹಾಕಿ ಕಿಟಕಿಯಾಚೆ ನೋಡಿದಳು. ಹಿಂದಿನಿಂದ ಸ್ಕೂಟರಿನವನೊಬ್ಬ ಹಾರ್ನ್ ಬಾರಿಸುತ್ತಿದ್ದ.

“ಗಾಡಿಗೆ ಮಾಡಿದ್ದು, ನಿನಗಲ್ಲ,” ಎಂದಳು. “ಕ್ಲಚ್ ಒತ್ತು.”